ದನಿ ತನ್ನ ಗಡಿ ಮುಟ್ಟಿದಾಗ

1974ರಲ್ಲಿ ಕನ್ನಡ ಪ್ರೇಕ್ಷಕರು ಒಬ್ಬನೇ ನಟನ ತುಟಿಗೆ ಎರಡು ಕಂಠಗಳು ಹೊಂದಿಕೊಂಡಿದ್ದನ್ನು ಕೇಳಿದರು. ‘ಎರಡು ಕನಸು’ ಚಿತ್ರದಲ್ಲಿ ರಾಜಕುಮಾರ್ ಕೈತಪ್ಪಿದ ಪ್ರೀತಿಗಾಗಿ ಮರುಗುವಾಗ ತೆರೆಯ ಹಿಂದೆ ಹಾಡಿದವರು ಪಿ.ಬಿ. ಶ್ರೀನಿವಾಸ್. ರಾಜನ್–ನಾಗೇಂದ್ರ ಸಂಯೋಜಿಸಿದ ಆ ಶೋಕಗೀತೆಯಲ್ಲಿ ದನಿ ಎಲ್ಲೂ ಕಟ್ಟೆ ಒಡೆಯುವುದಿಲ್ಲ. ನೋವನ್ನು ನುಂಗಿಕೊಂಡೇ ಹಾಡು ಮುಗಿಯುತ್ತದೆ. ಅದೇ ವರ್ಷದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ಎಮ್ಮೆಯ ಬೆನ್ನೇರಿ ಬರುವ ಹಳ್ಳಿಗನ ಹಾಡನ್ನು ಸ್ವತಃ ರಾಜಕುಮಾರ್ ಹಾಡಿದರು. ಅದು ಎದೆಯಿಂದ ಎದ್ದು ನೇರ ಬಯಲಿಗೆ ಬಂದು ನಿಲ್ಲುವ ತೆರೆದ ಕಂಠ. ‘ಓಹಿಲೇಶ್ವರ’, ‘ಮಹಿಷಾಸುರ ಮರ್ದಿನಿ’ ಚಿತ್ರಗಳಲ್ಲಿ ಅವರು ಹಿಂದೆಯೇ ಹಾಡಿದ್ದುಂಟು. ಆದರೆ ನಟನ ಜತೆಗೆ ಗಾಯಕನಾಗಿಯೂ ಅವರು ನಾಡಿನ ಮನೆಮಾತಾದದ್ದು ಈ ಹಾಡಿನಿಂದ.

ಎರಡೂ ಹಾಡುಗಳು ಐವತ್ತು ವರ್ಷ ದಾಟಿ ಇಂದಿಗೂ ಬದುಕಿವೆ. ಒಂದನ್ನು ಕೇಳಿದರೆ ಗಂಟಲು ಕಟ್ಟುತ್ತದೆ, ಇನ್ನೊಂದನ್ನು ಕೇಳಿದರೆ ಎದೆ ಉಬ್ಬುತ್ತದೆ. ಒಂದು ಮೆಲುದನಿ, ಇನ್ನೊಂದು ಏರುದನಿ. ಹಾಗಿದ್ದರೆ ಹಾಡಿನ ಭಾವಶಕ್ತಿ ಇರುವುದೆಲ್ಲಿ? ಸಾಹಿತ್ಯದಲ್ಲಿ, ರಾಗದಲ್ಲಿ ಎನ್ನುವುದು ಸುಲಭದ ಉತ್ತರ. ಆದರೆ ಅದೇ ಸಾಹಿತ್ಯ, ಅದೇ ರಾಗವನ್ನು ಇನ್ನೊಬ್ಬರು ತಪ್ಪಿಲ್ಲದೆ ಹಾಡಿದಾಗ ನಾವು ಕಲ್ಲಿನಂತೆ ಕೂತಿರುತ್ತೇವೆ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಇದು ಎಲ್ಲರ ಅನುಭವಕ್ಕೂ ಬಂದಿರುತ್ತದೆ. ಸ್ವರ ಸರಿ, ತಾಳ ಸರಿ, ಅನುಕರಣೆಯೂ ಸರಿ, ಆದರೂ ಏನೋ ತಾಗುವುದಿಲ್ಲ. ಅದೇ ವೇದಿಕೆಯಲ್ಲಿ ಯಾರೋ ಒಬ್ಬ ಹುಡುಗಿ ಮೈಕ್ ಹಿಡಿದು ಎರಡನೇ ಚರಣಕ್ಕೆ ಬರುವ ಹೊತ್ತಿಗೆ, ಕುರ್ಚಿ ಎಳೆದಾಡುತ್ತಿದ್ದವರೂ ಸುಮ್ಮನಾಗಿಬಿಡುತ್ತಾರೆ.

ನನ್ನ ನಂಬಿಕೆ ಇಷ್ಟು: ಹಾಡುವ ದನಿ ತನ್ನ ಗಡಿಯ ತನಕ ಹೋಗಿದೆ ಎಂಬುದು ನಮ್ಮ ಕಿವಿಗೆ ತಿಳಿದಾಗ ಹಾಡು ನಮ್ಮನ್ನು ಅಲ್ಲಾಡಿಸುತ್ತದೆ. ಆ ಗಡಿ ಮೇಲಿನದಿರಬಹುದು, ಕೂಗಿಗೆ ಹತ್ತಿರದ್ದು. ಕೆಳಗಿನದೂ ಇರಬಹುದು, ಉಸಿರು ಇನ್ನೇನು ಮಾತಾಗದೆ ಉಳಿಯುವಷ್ಟು ಹತ್ತಿರದ್ದು. ಎರಡರ ನಡುವಿನ ಸುರಕ್ಷಿತ ಬಯಲಿನಲ್ಲಿ ಅಡ್ಡಾಡುವ ದನಿ ಇಂಪಾಗಿರುತ್ತದೆ, ಆದರೆ ನೆನಪಿನಲ್ಲಿ ಉಳಿಯುವುದಿಲ್ಲ. ಈ ಮಾತಿಗೆ ಶರೀರಶಾಸ್ತ್ರದ ಆಧಾರವೂ ಇದೆ, ನಮ್ಮ ನಾಡಿನ ಹಾಡುಗಾರಿಕೆಯ ಚರಿತ್ರೆಯ ಆಧಾರವೂ ಇದೆ.

ಗಂಟಲಿನೊಳಗೆ ನಡೆಯುವುದೇನು?

ನಮ್ಮ ಸ್ವರತಂತುಗಳು ಬಹಳ ಸಣ್ಣವು. ಗಂಡಸರಲ್ಲಿ ಎರಡು ಸೆಂಟಿಮೀಟರಿನ ಆಸುಪಾಸು, ಹೆಂಗಸರಲ್ಲಿ ಅದಕ್ಕಿಂತ ಚಿಕ್ಕವು. ಶ್ವಾಸಕೋಶದಿಂದ ಮೇಲೇರುವ ಗಾಳಿ ಈ ಎರಡು ಮಡಿಕೆಗಳನ್ನು ತೆರೆದು ಮುಚ್ಚಿಸುತ್ತದೆ. ಸಾಧಾರಣ ಮಾತಿನಲ್ಲಿ ಗಂಡಸರ ತಂತುಗಳು ಸೆಕೆಂಡಿಗೆ ನೂರು, ನೂರಿಪ್ಪತ್ತು ಸಲ ಕಂಪಿಸಿದರೆ ಹೆಂಗಸರ ತಂತುಗಳು ಇನ್ನೂರು ಸಲ ಕಂಪಿಸುತ್ತವೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಂಡಸು ತಾರಸ್ಥಾಯಿಯ ಪಂಚಮ ಮುಟ್ಟಿದನೆಂದರೆ ಆ ಪುಟ್ಟ ಮಡಿಕೆಗಳು ಸೆಕೆಂಡಿಗೆ ಸುಮಾರು 390 ಸಲ ಒಂದಕ್ಕೊಂದು ಬಡಿಯುತ್ತಿರುತ್ತವೆ. ಅದನ್ನು ಪೂರ್ಣಕಂಠದಲ್ಲಿ ಹಾಡುವಾಗ ಕೆಳಗಿನಿಂದ ಒತ್ತುವ ಗಾಳಿಯ ಬಲ ಸಾಧಾರಣ ಮಾತಿನದಕ್ಕಿಂತ ಹಲವು ಪಟ್ಟು ಹೆಚ್ಚು. ಕತ್ತಿನ ನರ ಉಬ್ಬುವುದು, ಮುಖ ಕೆಂಪೇರುವುದು, ಕಣ್ಣು ತಾನಾಗಿ ಮುಚ್ಚುವುದು ಈ ಕಾರಣಕ್ಕೆ. ಅದರಲ್ಲಿ ನಟನೆಯೇನೂ ಇರಬೇಕಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ರೇಡಿಯೊದ ಸದ್ದನ್ನು ಎಷ್ಟೇ ಇಳಿಸಿದರೂ ಒಂದು ಹಾಡನ್ನು ಎದೆತುಂಬಿ ಹಾಡಿದ್ದೋ ಗುನುಗಿದ್ದೋ ಎಂಬುದು ತಕ್ಷಣ ಗೊತ್ತಾಗುತ್ತದೆ. ಪಕ್ಕದ ಕೋಣೆಯಿಂದ ಸಣ್ಣಗೆ ತೇಲಿಬಂದರೂ ಗೊತ್ತಾಗುತ್ತದೆ. ಏಕೆಂದರೆ ಬಲ ಹಾಕಿ ಹಾಡುವಾಗ ಸ್ವರತಂತುಗಳು ಥಟ್ಟನೆ, ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಆಗ ಮೂಲಸ್ವರದ ಜತೆ ಹುಟ್ಟುವ ಮೇಲಿನ ಸಹಸ್ವರಗಳು ದಟ್ಟವಾಗುತ್ತವೆ, ದನಿಗೆ ಹೊಳಪೂ ಮೊನೆಯೂ ಬರುತ್ತದೆ. ಮೆತ್ತಗೆ ಹಾಡಿದಾಗ ತಂತುಗಳು ಪೂರ್ತಿ ಮುಚ್ಚದೆ ಗಾಳಿ ಸೋರುತ್ತದೆ, ದನಿಯಲ್ಲಿ ಉಸಿರು ಬೆರೆಯುತ್ತದೆ. ಹೀಗೆ ಹಾಡುಗಾರ ಪಟ್ಟ ಶ್ರಮ ಸದ್ದಿನ ಪ್ರಮಾಣದಲ್ಲಷ್ಟೇ ಇರದೆ ಸದ್ದಿನ ಬಣ್ಣದಲ್ಲೇ ಅಚ್ಚಾಗಿರುತ್ತದೆ. ಗುಂಡಿ ತಿರುಗಿಸಿ ಸದ್ದನ್ನು ಹೆಚ್ಚುಕಡಿಮೆ ಮಾಡಬಹುದು, ಆ ಬಣ್ಣವನ್ನು ಬದಲಿಸಲಾಗದು.

ಈ ಬಣ್ಣವನ್ನು ಓದುವ ವಿದ್ಯೆ ನಮಗೆ ಹುಟ್ಟಿನಿಂದಲೇ ಬಂದದ್ದು. ಅಮ್ಮನ ದನಿಯಲ್ಲಿ ಸಿಟ್ಟಿದೆಯೋ ದಣಿವಿದೆಯೋ ಎಂಬುದನ್ನು ಮಾತು ಬಾರದ ಕೂಸೂ ಅರಿಯುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿಗಳಾದ ಪ್ಯಾಟ್ರಿಕ್ ಯೂಸ್ಲಿನ್ ಮತ್ತು ಪೆಟ್ರಿ ಲೌಕ್ಕಾ 2003ರಲ್ಲಿ ದನಿಯ ಭಾವದ ಬಗೆಗಿನ 104 ಅಧ್ಯಯನಗಳನ್ನೂ ಸಂಗೀತ ಪ್ರಸ್ತುತಿಯ ಬಗೆಗಿನ 41 ಅಧ್ಯಯನಗಳನ್ನೂ ಎದುರುಬದುರು ಇಟ್ಟು ನೋಡಿದರು. ಸಿಟ್ಟು, ದುಃಖ, ಸಂತೋಷ, ಭಯಗಳನ್ನು ಮಾತಿನಲ್ಲಿ ಗುರುತಿಸಲು ನಾವು ಬಳಸುವ ಸುಳಿವುಗಳೇ ಬಹುಮಟ್ಟಿಗೆ ಸಂಗೀತದಲ್ಲೂ ಕೆಲಸ ಮಾಡುತ್ತವೆ ಎಂದು ಅವರು ಕಂಡುಕೊಂಡರು. ನಿಧಾನ ಗತಿ, ತಗ್ಗಿದ ದನಿ, ಕೆಳಗಿನ ಸ್ವರಗಳು ದುಃಖದವು. ವೇಗ, ಮೊನೆ, ಬಲ ಸಿಟ್ಟಿನವು. ಹಾಡು ಈ ಸುಳಿವುಗಳನ್ನು ಹೊಸದಾಗಿ ಕಟ್ಟುವುದಿಲ್ಲ, ಬದುಕಿನಿಂದ ಎತ್ತಿಕೊಂಡು ಹಿಗ್ಗಿಸುತ್ತದೆ.

ಇನ್ನೊಂದು ಅಧ್ಯಯನ 2015ರದು. ಲುಕ್ ಆರ್ನಾಲ್ ಮತ್ತು ಸಂಗಡಿಗರು ಮನುಷ್ಯರ ಚೀರಾಟವನ್ನು ವಿಶ್ಲೇಷಿಸಿದರು. ಚೀರುವಾಗ ದನಿಯ ಬಲ ಸೆಕೆಂಡಿಗೆ 30ರಿಂದ 150 ಸಲದ ವೇಗದಲ್ಲಿ ಏರಿಳಿದು ಒಂದು ಬಗೆಯ ಒರಟುತನ ಹುಟ್ಟುತ್ತದೆ. ಅದು ಮಿದುಳಿನಲ್ಲಿ ಅಪಾಯವನ್ನು ಗ್ರಹಿಸುವ ಅಮಿಗ್ಡಲಾ ಭಾಗವನ್ನು ನೇರವಾಗಿ ಎಚ್ಚರಿಸುತ್ತದೆ. ಏರುದನಿಯ ಗಾಯಕರ ಕಂಠ ಅಂಚಿಗೆ ಬಂದಾಗ ಕೇಳಿಸುವ ತುಸು ಕರಕು ಈ ಒರಟುತನದ ನೆಂಟ. ಅದು ಇದ್ದೂ ಇಲ್ಲದಂತೆ, ಸ್ವರಕ್ಕೆ ಭಂಗ ಬಾರದಂತೆ ಕಾಣಿಸಿಕೊಂಡಾಗ ನಾವು ಬೆನ್ನು ನೆಟ್ಟಗೆ ಮಾಡಿ ಕೂರುತ್ತೇವೆ. ಯಾರಿಗೋ ಏನೋ ಆಗುತ್ತಿದೆ ಎಂದು ಮೈಗೆ ಅನಿಸುತ್ತದೆ, ಇದು ಹಾಡು ಎಂದು ಬುದ್ಧಿ ಹೇಳುತ್ತದೆ. ರೋಮಾಂಚನ ಹುಟ್ಟುವುದು ಆ ನಡುವಿನ ಜಾಗದಲ್ಲಿ.

ಮೈಕ್ ಇಲ್ಲದ ಕಾಲದ ಕಂಠ

ನಮ್ಮ ನಾಡಿನ ಏರುದನಿಗೆ ಉದ್ದದ ಚರಿತ್ರೆಯಿದೆ. ರಾತ್ರಿಯಿಡೀ ಆಟ ನಡೆಸುವ ಯಕ್ಷಗಾನದ ಭಾಗವತರು, ಏಕತಾರಿ ಮೀಟುತ್ತ ತತ್ವಪದ ಹಾಡುವವರು, ಚೌಡಿಕೆ ಹಿಡಿದ ಜೋಗತಿಯರು, ಗೀಗೀ ಮೇಳದವರು ಹಾಡಿದ್ದು ಬಯಲಿನಲ್ಲಿ. ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಪದ ತಲುಪಬೇಕು, ಚಂಡೆ ದಮ್ಮಡಿಗಳ ನಡುವೆಯೂ ಮಾತು ಕೇಳಿಸಬೇಕು. ಮನುಷ್ಯನ ಕಿವಿ ಸೆಕೆಂಡಿಗೆ ಮೂರು ಸಾವಿರ ಕಂಪನಗಳ ಆಸುಪಾಸಿನಲ್ಲಿ ಅತಿ ಚುರುಕು. ಆ ಭಾಗದಲ್ಲಿ ದನಿಯನ್ನು ಮೊನೆಗೊಳಿಸಿದರೆ ಕಡಿಮೆ ಶ್ರಮಕ್ಕೆ ಹೆಚ್ಚು ದೂರ ತಲುಪಬಹುದು. ಈ ಲೆಕ್ಕ ಅವರಿಗೆ ಗೊತ್ತಿರಲಿಲ್ಲ. ಬಯಲೇ ಅವರಿಗೆ ಅದನ್ನು ಕಲಿಸಿತು.

ವೃತ್ತಿ ನಾಟಕ ಕಂಪನಿಗಳು ಈ ಕಂಠವನ್ನು ತಗಡಿನ ಚಪ್ಪರದ ಕೆಳಗೆ ತಂದವು. ಅಲ್ಲಿ ನಟನೆಂದರೆ ಮೊದಲು ಗಾಯಕ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರ ಪಟ್ಟಿ ನೋಡಿದರೆ ಮುಂದಿನ ಕನ್ನಡ ಚಿತ್ರರಂಗದ ಅರ್ಧ ಚರಿತ್ರೆಯೇ ಅಲ್ಲಿದೆ. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರಮುಖ ನಟರೂ ರಂಗಭೂಮಿಯಿಂದ ಬಂದವರೇ. ಗಾಜನೂರಿನ ಮುತ್ತುರಾಜ ಎಂಬ ಹುಡುಗ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜತೆ ಗುಬ್ಬಿ ಕಂಪನಿಯಲ್ಲಿ ಬೆಳೆದ. ಮುಂದೆ ರಾಜಕುಮಾರ್ ಆದ ಆ ಹುಡುಗ 1974ರಲ್ಲಿ ಮೈಕಿನ ಮುಂದೆ ಬಾಯಿ ತೆರೆದಾಗ ಕೇಳಿಸಿದ್ದು ಆ ಚಪ್ಪರದ ಕಂಠವೇ. ‘ಸಂಪತ್ತಿಗೆ ಸವಾಲ್’ ಕೂಡ ವೃತ್ತಿರಂಗಭೂಮಿಯ ನಾಟಕವೊಂದರಿಂದ ಸಿನಿಮಾ ಆದದ್ದು ಎಂಬುದು ಇಲ್ಲಿ ನೆನೆಯಬೇಕಾದ ಮಾತು.

ಧ್ವನಿಮುದ್ರಣದ ಚರಿತ್ರೆಯೂ ಕೂಗಿನಿಂದಲೇ ಶುರುವಾಗುತ್ತದೆ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್ ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕಿತ್ತು. ದನಿಯ ಬಲವೇ ಸೂಜಿಯನ್ನು ಅಲ್ಲಾಡಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು, ಮೆಲುದನಿಗೆ ಅಲ್ಲಿ ಜಾಗವಿರಲಿಲ್ಲ. ಆಕೆ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅಷ್ಟರೊಳಗೆ ಕಾಲ ಬದಲಾಗಿತ್ತು. 1925ರಲ್ಲಿ ವಿದ್ಯುತ್ ಮೈಕಿನ ಮುದ್ರಣ ಬಂದ ಮೇಲೆ ಪಿಸುಮಾತನ್ನೂ ತಟ್ಟೆಯ ಮೇಲೆ ಕೂರಿಸಬಹುದಾಯಿತು. ಕಿವಿಯ ಬಳಿ ಬಾಯಿಟ್ಟು ಹಾಡುವ ಹೊಸ ಬಗೆಯ ಹಾಡುಗಾರಿಕೆ ಹುಟ್ಟಿತು.

ಮೈಕ್ ಏರುದನಿಯನ್ನು ಕೊಲ್ಲಲಿಲ್ಲ, ಅದಕ್ಕೊಂದು ಅರ್ಥ ಕೊಟ್ಟಿತು. ಬಯಲಿನಲ್ಲಿ ಎಲ್ಲವನ್ನೂ ಏರುದನಿಯಲ್ಲೇ ಹಾಡಬೇಕಿತ್ತು, ಹಾಡುಗಾರನಿಗೆ ಬೇರೆ ದಾರಿಯಿರಲಿಲ್ಲ. ಮೈಕ್ ಬಂದ ಮೇಲೆ ದನಿ ಏರಿಸುವುದು ಆಯ್ಕೆಯಾಯಿತು. ಮೆತ್ತಗೆ ಹಾಡಿದರೂ ಸಾಕಾಗಿದ್ದ ಕಡೆ ಒಬ್ಬ ಗಾಯಕ ದನಿ ಎತ್ತಿದನೆಂದರೆ ಅದಕ್ಕೊಂದು ಕಾರಣವಿರಬೇಕು. ಆ ಕಾರಣ ಯಾವುದೆಂದು ಕೇಳುಗ ಹುಡುಕುತ್ತಾನೆ.

ಶರೀಫರ ಪದ, ಅಶ್ವಥ್ ಕಂಠ

ಕನ್ನಡದಲ್ಲಿ ಈ ಆಯ್ಕೆಯನ್ನು ಅತ್ಯಂತ ಧೈರ್ಯದಿಂದ ಮಾಡಿದವರು ಸಿ. ಅಶ್ವಥ್. 1939ರಲ್ಲಿ ಚನ್ನರಾಯಪಟ್ಟಣದಲ್ಲಿ ಹುಟ್ಟಿ, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ನೌಕರಿ ಮಾಡುತ್ತಲೇ ನಾಟಕಗಳಿಗೆ, ಸಿನಿಮಾಗಳಿಗೆ ಸಂಗೀತ ಕೊಟ್ಟವರು ಅವರು. ಅವರಿಗಿಂತ ಮೊದಲು ಪಿ. ಕಾಳಿಂಗರಾಯರು ಕವಿತೆಯನ್ನು ಜನರ ಕಿವಿಗೆ ತಲುಪಿಸಿದ್ದರು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳನ್ನು ಮನೆಯ ಜಗುಲಿಯಲ್ಲಿ ಕೂತು ಹಾಡಿದಷ್ಟು ಆಪ್ತವಾಗಿ ಹಾಡಿ ಸುಗಮ ಸಂಗೀತಕ್ಕೆ ಹೊಸ ಹಾದಿ ತೆರೆದಿದ್ದರು. ಆ ಆಪ್ತತೆಯ ಪಕ್ಕದಲ್ಲಿ ಅಶ್ವಥ್ ಬಯಲಿನ ಕಂಠವನ್ನು ತಂದು ನಿಲ್ಲಿಸಿದರು.

ಶಿಶುನಾಳ ಶರೀಫರ (1819–1889) ತತ್ವಪದಗಳು ಅವರಿಗೆ ಸರಿಯಾದ ನೆಲವಾಗಿ ಒದಗಿದವು. ಭಜನಾ ಮೇಳಗಳಲ್ಲಿ ತಂಬೂರಿ, ತಾಳ, ದಮ್ಮಡಿಗಳ ಜತೆ ತಲೆಮಾರುಗಳಿಂದ ಉಳಿದುಬಂದಿದ್ದ ಪದಗಳವು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಶ್ರೀಧರ್ ಶರೀಫರಾದರೆ, ಶರೀಫರ ಕಂಠವಾದವರು ಅಶ್ವಥ್. ಮನೆಯ ಮಾಳಿಗೆ ಸೋರುತ್ತಿರುವ ಬಗ್ಗೆ ಇರುವ ಪದವನ್ನು ಒಮ್ಮೆ ಗಮನವಿಟ್ಟು ಕೇಳಬೇಕು. ಮೇಲುನೋಟಕ್ಕೆ ಅದು ಮಳೆಗಾಲದ ಬಡವನ ಗೋಳು. ಒಳಗೆ, ಅರಿವಿಲ್ಲದೆ ಹಾಳಾಗುತ್ತಿರುವ ಬದುಕಿನ ಮಾತು. ಈ ಎರಡು ಅರ್ಥಗಳನ್ನೂ ಒಂದೇ ದನಿ ಹೊರಬೇಕು.

ಅಶ್ವಥ್ ಇದನ್ನು ಹೇಗೆ ಸಾಧಿಸುತ್ತಾರೆ? ಪಲ್ಲವಿಯ ಮಾತು ಮತ್ತೆ ಮತ್ತೆ ಬರುತ್ತದೆ, ಆದರೆ ಪ್ರತಿ ಸಲವೂ ಅದರ ತೂಕ ಬೇರೆ. ಒಮ್ಮೆ ಅದು ದೂರು, ಒಮ್ಮೆ ಗಾಬರಿ, ಇನ್ನೊಮ್ಮೆ ಎಚ್ಚರಿಕೆ. ಸ್ವರ ಏರುವ ಕಡೆ ಅವರು ದನಿಯನ್ನು ತೆಳುವಾಗಿಸಿ ನುಣುಚಿಕೊಳ್ಳುವುದಿಲ್ಲ. ಎದೆಯ ಭಾರವನ್ನು ಹೊತ್ತುಕೊಂಡೇ ಮೇಲೇರುತ್ತಾರೆ. ಆಗ ಕಂಠದ ಅಂಚಿನಲ್ಲಿ ಸಣ್ಣ ಕರಕು ಕಾಣಿಸುತ್ತದೆ. ಅದನ್ನು ಒರೆಸಿ ಹಾಕುವ ಹಟ ಅವರಿಗಿಲ್ಲ. ಉದ್ದ ಎಳೆದ ಸ್ವರದ ಕೊನೆಯಲ್ಲಿ ಉಸಿರು ತೀರುತ್ತಿರುವುದು ನಮಗೆ ತಿಳಿಯುತ್ತದೆ. ಕೇಳುತ್ತ ಕೂತವರ ಗಂಟಲೂ ಬಿಗಿಯುತ್ತದೆ, ಅವರು ಉಸಿರು ತೆಗೆದುಕೊಂಡಾಗ ನಾವೂ ತೆಗೆದುಕೊಳ್ಳುತ್ತೇವೆ. ಪದ ಮುಗಿಯುವ ಹೊತ್ತಿಗೆ ಸೋರುತ್ತಿರುವ ಮನೆ ಶರೀಫರದಾಗಿ ಉಳಿಯದೆ ನಮ್ಮದಾಗಿರುತ್ತದೆ.

ಇದಕ್ಕೆ ಕನ್ನಡದ ನುಡಿಗುಣವೂ ನೆರವಾಗಿದೆ. ನಮ್ಮ ಬಹುಪಾಲು ಪದಗಳು ಸ್ವರಾಕ್ಷರದಲ್ಲಿ ಮುಗಿಯುತ್ತವೆ. ಸಾಲಿನ ಕೊನೆಯಲ್ಲಿ ಬಾಯಿ ತೆರೆದೇ ಇರುವುದರಿಂದ ಗಾಯಕ ಬೇಕಾದಷ್ಟು ಹೊತ್ತು ನಿಲ್ಲಬಹುದು, ಏರಬಹುದು, ಮೆಲ್ಲಗೆ ಇಳಿಯಬಹುದು. ತೆರೆದ ಕಂಠದವರಿಗೆ ಇದೊಂದು ದೊಡ್ಡ ಅಂಗಳ.

ಶಿವಮೊಗ್ಗ ಸುಬ್ಬಣ್ಣನವರೂ ಈ ಅಂಗಳದವರೇ. ವೃತ್ತಿಯಿಂದ ವಕೀಲರಾಗಿದ್ದ ಅವರು ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಶೀರ್ಷಿಕೆಗೀತೆಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗ ಅವರು. ಓಡುವ ಕುದುರೆಯ ಆ ಹಾಡಿನಲ್ಲಿ ದನಿಯೇ ಲಗಾಮಿಲ್ಲದೆ ನುಗ್ಗಿದಂತೆ ತೋರುತ್ತದೆ, ಆದರೆ ತಾಳದ ಹಿಡಿತ ಒಂದು ಕ್ಷಣವೂ ತಪ್ಪುವುದಿಲ್ಲ. ತೆರೆದ ಕಂಠದ ಗಾಯಕರನ್ನು ಒರಟರೆಂದು ತಳ್ಳಿಹಾಕುವವರು ಗಮನಿಸಬೇಕಾದದ್ದು ಈ ಹಿಡಿತವನ್ನು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅಶ್ವಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರ ಹರಿದುಬಂತು. ತಾರೆಯರ ಕುಣಿತವಿಲ್ಲದೆ, ಕವಿಗಳ ಸಾಲುಗಳನ್ನು ಕೇಳಲು ಅಷ್ಟು ಜನ ಸೇರಿದ್ದು ಈ ಕಂಠದ ಮೇಲಿನ ನಂಬಿಕೆಯಿಂದ.

ಶಹನಾಯಿಯ ಎದುರು ಒಂದು ಹೆಣ್ಣುದನಿ

ದನಿಯ ಗಡಿ ಎಂದರೆ ಬರೀ ಬಲದ ಗಡಿಯಲ್ಲ ಎಂಬುದಕ್ಕೆ ಎಸ್. ಜಾನಕಿ ಸಾಕ್ಷಿ. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಶಹನಾಯಿ ನುಡಿಸಲು ಕರೆತಂದದ್ದು ಉಸ್ತಾದ್ ಬಿಸ್ಮಿಲ್ಲಾ ಖಾನರನ್ನು. ಆ ಶಹನಾಯಿಯ ಎದುರು ಜಾನಕಿ ಹಾಡಬೇಕಾಯಿತು. ಶಹನಾಯಿ ಮನುಷ್ಯನ ಕಂಠಕ್ಕೆ ತೀರ ಹತ್ತಿರದ ವಾದ್ಯ. ಅಲ್ಲಿಯೂ ಎರಡು ತೆಳು ಪಟ್ಟಿಗಳು ಉಸಿರಿಗೆ ಕಂಪಿಸಿ ನಾದ ಹುಟ್ಟಬೇಕು. ಸ್ವರದಿಂದ ಸ್ವರಕ್ಕೆ ಜಾರುವುದರಲ್ಲಿ, ಒಂದು ಸ್ವರದ ಮೇಲೆ ನಿಂತು ನಡುಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಅದರ ಸದ್ದು ಮೊನಚು, ಮಂಟಪದ ಆಚೆಗೂ ಕೇಳುವಂಥದ್ದು.

ಜಾನಕಿ ಆ ವಾದ್ಯದ ಜತೆ ಸದ್ದಿನ ಪೈಪೋಟಿಗೆ ಇಳಿಯುವುದಿಲ್ಲ. ಶಹನಾಯಿ ಹಾಕಿದ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು, ಅದೇ ಜಾರು, ಅದೇ ತಿರುವು ತೆಗೆದುಕೊಂಡು, ವಾದ್ಯಕ್ಕೆ ಸಾಧ್ಯವಾಗದ ಒಂದನ್ನು ಸೇರಿಸುತ್ತಾರೆ: ಮಾತು. ಅದೇ ತಿರುವಿನಲ್ಲಿ ಒಂದು ಅಕ್ಷರ ನಗುತ್ತದೆ, ಇನ್ನೊಂದು ಕರೆಯುತ್ತದೆ. ಇಲ್ಲಿ ಅವರ ದನಿ ಮುಟ್ಟಿದ್ದು ನಯದ ಗಡಿಯನ್ನು, ಮನುಷ್ಯಕಂಠ ಎಷ್ಟು ಸಣ್ಣ ಎಳೆಯನ್ನು ಕಡಿಯದೆ ಎಳೆಯಬಲ್ಲದು ಎಂಬ ಗಡಿಯನ್ನು. ವೇದಿಕೆಯ ಮೇಲೆ ಜಾನಕಿ ಅಲುಗಾಡದೆ ನಿಂತು ಹಾಡುತ್ತಿದ್ದರು. ಮುಖದಲ್ಲಿ ಅಭಿನಯವಿಲ್ಲ, ಕೈ ಬೀಸುವುದಿಲ್ಲ. ಮಗುವಿನ ತೊದಲು, ಮುದುಕಿಯ ನಡುಕ, ಪ್ರೇಮಿಯ ಬಿಸಿಯುಸಿರು ಎಲ್ಲವೂ ಗಂಟಲಿನೊಳಗೇ ನಡೆಯುತ್ತಿತ್ತು. ಭಾವ ಮೈಯಲ್ಲಿ ಹಂಚಿಹೋಗದೆ ದನಿಯಲ್ಲಿ ಒಟ್ಟಾಗಲು ಆ ನಿಶ್ಚಲತೆಯೇ ಕಾರಣವಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ತಡೆದು ಬಿಡುವ ಕಲೆ

ಏರುವುದು ಮುಟ್ಟಬೇಕಾದರೆ ಏರದೆ ಇದ್ದ ಹೊತ್ತೂ ಇರಬೇಕು. ಒಳ್ಳೆಯ ಸಂಯೋಜಕರು ಹಾಡನ್ನು ಕಟ್ಟುವುದೇ ಹೀಗೆ. ಪಲ್ಲವಿ ಮಧ್ಯಸ್ಥಾಯಿಯಲ್ಲಿ ನೆಲೆ ಹೂಡುತ್ತದೆ, ಚರಣ ಮೆಲ್ಲಗೆ ಮೇಲಕ್ಕೆ ಚಾಚುತ್ತದೆ, ತಾರಷಡ್ಜದ ಬಾಗಿಲ ತನಕ ಬಂದು ಒಮ್ಮೆ ಹಿಂಜರಿಯುತ್ತದೆ, ಆಮೇಲೆ ಒಳಗೆ ಕಾಲಿಡುತ್ತದೆ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಮೆಚ್ಚಿನ ಸಂಗೀತ ಕೇಳಿ ರೋಮಾಂಚನಗೊಳ್ಳುವವರ ಮಿದುಳನ್ನು ಪರೀಕ್ಷಿಸಿದರು. ಸುಖದ ಜತೆ ನಂಟಿರುವ ಡೋಪಮಿನ್ ಎಂಬ ರಾಸಾಯನಿಕ ಎರಡು ಹಂತಗಳಲ್ಲಿ ಸ್ರವಿಸುವುದು ಕಂಡಿತು. ಉತ್ಕಟ ಕ್ಷಣ ಬರುವ ಮೊದಲು, ಅದನ್ನು ಕಾಯುವಾಗಲೇ ಮಿದುಳಿನ ಒಂದು ಭಾಗದಲ್ಲಿ. ಆ ಕ್ಷಣ ಬಂದಾಗ ಇನ್ನೊಂದು ಭಾಗದಲ್ಲಿ. ಅಂದರೆ ಕಾಯಿಸುವುದು ಹಾಡಿನ ಅರ್ಧ ಸುಖ. ಮೊದಲ ಸಾಲಿನಿಂದಲೇ ಕಿರುಚುವ ಗಾಯಕ ಆ ಅರ್ಧವನ್ನು ಕಳೆದುಬಿಡುತ್ತಾನೆ.

ಪಿ.ಬಿ. ಶ್ರೀನಿವಾಸರ ಶೋಕಗೀತೆಗಳಲ್ಲಿ ಕಾಯುವುದು ಕೊನೆಯಾಗುವುದೇ ಇಲ್ಲ. ಅಳು ಈಗ ಒಡೆಯುತ್ತದೆ, ಇನ್ನೇನು ಒಡೆಯುತ್ತದೆ ಎಂದು ನಾವು ಕಾಯುತ್ತೇವೆ, ಅವರು ಒಡೆಯಗೊಡುವುದಿಲ್ಲ. ಮಂದ್ರದ ಕಡೆಗೆ ಇಳಿಯುವ ಸ್ವರಗಳಲ್ಲಿ ಉಸಿರು ಹೆಚ್ಚಿ ನಾದ ಕಡಿಮೆಯಾಗುತ್ತದೆ, ದನಿ ಕೆಳಗಿನ ಗಡಿಯನ್ನು ಮುಟ್ಟುತ್ತದೆ. ಅವರು ತಡೆದ ಅಳುವನ್ನು ಕೇಳುಗ ತಾನೇ ಅಳಬೇಕಾಗುತ್ತದೆ. ತಡೆಯುವುದಕ್ಕೂ ಕೂಗುವಷ್ಟೇ ಶಕ್ತಿ ಬೇಕು. ಅದರ ಒತ್ತಡ ನಮಗೆ ತಿಳಿಯುವುದರಿಂದಲೇ ಆ ಮೆಲುದನಿ ಅಷ್ಟು ಭಾರ.

ಏರುದನಿಯ ರಾಜಕುಮಾರ್ ಕೂಡ ಬರೀ ಏರುದನಿಯವರಾಗಿ ಉಳಿಯಲಿಲ್ಲ. ‘ಜೀವನ ಚೈತ್ರ’ ಚಿತ್ರದಲ್ಲಿ ಉಪೇಂದ್ರ ಕುಮಾರ್ ಸಂಯೋಜಿಸಿದ, ನಾದವೇ ವಸ್ತುವಾಗಿರುವ ಹಾಡಿಗೆ ಅವರು 1992ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದಾಗ ಅರವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಉದ್ದನೆಯ ಆಲಾಪ, ವೇಗದ ಸ್ವರಸಂಚಾರ, ತುತ್ತತುದಿಯ ನಿಲುಗಡೆಗಳನ್ನು ಅವರು ಹಾಡಿದ್ದು ವರ್ಷಗಳ ಯೋಗ, ಪ್ರಾಣಾಯಾಮದ ಬೆಂಬಲದಿಂದ. ಗಡಿಯ ತನಕ ಹೋಗಿ ಮುರಿಯದೆ ಮರಳಿ ಬರಲು ತಯಾರಿ ಬೇಕು. ಬರೀ ಆವೇಶದಿಂದ ಹಾಡಿದವರ ಸ್ವರತಂತುಗಳ ಮೇಲೆ ಗಂಟು ಎದ್ದು, ಕೆಲವೇ ವರ್ಷಗಳಲ್ಲಿ ಕಂಠವೇ ಬಿದ್ದುಹೋಗುವುದುಂಟು. ಬೆಳಗಿನ ಜಾವ ಮಂದ್ರಷಡ್ಜದ ಮೇಲೆ ನಿಲ್ಲುವ ಸಾಧನೆಯನ್ನು ಹಿರಿಯರು ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ತಳ ಗಟ್ಟಿಯಾದವನಿಗೆ ಮಾತ್ರ ತುದಿ ದಕ್ಕುತ್ತದೆ.

ಯಂತ್ರ ತಿದ್ದಿದ ಸ್ವರ

ಈಗಿನ ಬಹಳಷ್ಟು ಹಾಡುಗಳಲ್ಲಿ ಈ ಗಡಿ ಕೇಳಿಸದಿರುವುದಕ್ಕೆ ಗಾಯಕರನ್ನು ದೂರಬೇಕಿಲ್ಲ. ಕಂಠಗಳು ಚೆನ್ನಾಗಿವೆ, ಕಲಿಕೆಯೂ ಇದೆ. ಬದಲಾದದ್ದು ಮುದ್ರಣದ ರೀತಿ. ಹಿಂದೆ ವಾದ್ಯವೃಂದ, ಗಾಯಕ, ಗಾಯಕಿ ಒಟ್ಟಿಗೆ ನಿಂತು ಇಡೀ ಹಾಡನ್ನು ಒಂದೇ ಓಟದಲ್ಲಿ ಮುಗಿಸಬೇಕಿತ್ತು. ಕೊನೆಯ ಸಾಲಿನಲ್ಲಿ ಒಂದು ಪಿಟೀಲು ತಪ್ಪಿದರೂ ಮತ್ತೆ ಮೊದಲಿನಿಂದ. ಹಾಗಾಗಿ ಕೊನೆಯ ಚರಣ ಹಾಡುವಾಗ ಗಾಯಕನ ಮೈಯಲ್ಲಿ ಮೊದಲ ಚರಣದ ದಣಿವಿರುತ್ತಿತ್ತು, ದನಿ ಕಾದಿರುತ್ತಿತ್ತು, ಹಾಡಿನ ಕತೆಯನ್ನು ದೇಹವೂ ಪಯಣಿಸಿ ಬಂದಿರುತ್ತಿತ್ತು. ಇಂದು ಒಂದೊಂದು ಸಾಲನ್ನೂ ಬಿಡಿಬಿಡಿಯಾಗಿ, ಬೇಕಾದಷ್ಟು ಸಲ ಹಾಡಿ, ಒಳ್ಳೆಯದನ್ನು ಆರಿಸಿ ಜೋಡಿಸುತ್ತಾರೆ. ಪ್ರತಿ ಸಾಲೂ ತಾಜಾ, ಪ್ರತಿ ಸಾಲೂ ನಿರ್ದೋಷ. ಆದರೆ ಹಾಡು ನಡೆದ ದಾರಿ ಅಳಿಸಿಹೋಗಿರುತ್ತದೆ.

ಎರಡನೆಯದು ಆಟೋಟ್ಯೂನ್. ತೈಲ ನಿಕ್ಷೇಪ ಹುಡುಕಲು ಭೂಕಂಪನದ ಅಲೆಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ಎಂಜಿನಿಯರ್ 1997ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ತಪ್ಪಿದ ಸ್ವರವನ್ನು ಹತ್ತಿರದ ಸರಿಸ್ವರಕ್ಕೆ ಎಳೆದು ಕೂರಿಸುವುದು ಅದರ ಕೆಲಸ. ಹದವಾಗಿ ಬಳಸಿದರೆ ಅದು ಒಳ್ಳೆಯ ಸಹಾಯಕ. ಆದರೆ ನಮ್ಮ ಸಂಗೀತದ ಜೀವ ಸ್ವರಗಳಷ್ಟೇ ಸ್ವರಗಳ ನಡುವಿನ ದಾರಿಯಲ್ಲೂ ಇದೆ. ಗಮಕ, ಜಾರು, ಕೆಳಗಿನಿಂದ ಎತ್ತಿ ತಂದು ಸ್ವರಕ್ಕೆ ಸೇರಿಸುವ ಆ ಅರೆಕ್ಷಣದ ತವಕ ಇವೆಲ್ಲ ಯಂತ್ರದ ಕಣ್ಣಿಗೆ ತಪ್ಪುಗಳು. ತಿದ್ದುವಿಕೆ ಕಟುವಾದಷ್ಟೂ ಸ್ವರ ಮುಟ್ಟಲು ಕಂಠ ಪಟ್ಟ ಪಾಡು ಕಾಣೆಯಾಗುತ್ತದೆ.

ಮೂರನೆಯದು ಸದ್ದನ್ನು ಅದುಮುವ ತಂತ್ರ. ಮೆಲ್ಲಗಿದ್ದದ್ದನ್ನು ಎತ್ತಿ, ಜೋರಾದದ್ದನ್ನು ತಗ್ಗಿಸಿ, ಕಾರಿನಲ್ಲೂ ಮೊಬೈಲಿನಲ್ಲೂ ಒಂದೇ ಸಮ ಕೇಳುವಂತೆ ಹಾಡನ್ನು ಚಪ್ಪಟೆ ಮಾಡಲಾಗುತ್ತದೆ. ಪಿಸುಮಾತಿಗೂ ಕೂಗಿಗೂ ಒಂದೇ ಎತ್ತರ ಬಂದರೆ ಕಾಯುವುದಕ್ಕೆ ಏನು ಉಳಿಯಿತು? ಟಿವಿ ಸ್ಪರ್ಧೆಗಳು ಈ ಕೊರತೆಯನ್ನು ಇನ್ನೊಂದು ತುದಿಯಿಂದ ತುಂಬಲು ಹೊರಟಿವೆ. ಹಾಡಿನ ಕೊನೆಯಲ್ಲಿ ಎಲ್ಲಕ್ಕಿಂತ ಎತ್ತರದ ಸ್ವರವನ್ನು ಎಲ್ಲಕ್ಕಿಂತ ಉದ್ದ ಎಳೆದರೆ ತೀರ್ಪುಗಾರರು ಎದ್ದು ನಿಲ್ಲುತ್ತಾರೆ. ಹತ್ತು ವರ್ಷದ ಮಗು ಆ ಚಪ್ಪಾಳೆಯ ಪಾಠ ಕಲಿಯುತ್ತದೆ. ಅರ್ಥ ಬೇಡದ ಕಡೆಯೂ ಏರುವ ದನಿ ಕಸರತ್ತಾಗುತ್ತದೆ. ಕಸರತ್ತನ್ನು ನಾವು ಮೆಚ್ಚುತ್ತೇವೆ, ಅದರಿಂದ ಕರಗುವುದಿಲ್ಲ.

ಮಾಡಬಹುದಾದ್ದು

ಇದಕ್ಕೆ ಪರಿಹಾರ ಹಳೆಯ ಕಾಲಕ್ಕೆ ಮರಳುವುದರಲ್ಲಿಲ್ಲ. ಇಂದಿನ ಸಲಕರಣೆಗಳಿಂದಲೇ ಗಡಿ ಮುಟ್ಟುವ ಹಾಡುಗಾರಿಕೆಯನ್ನು ಉಳಿಸಿಕೊಳ್ಳಬಹುದು. ಸಂಗೀತ ನಿರ್ದೇಶಕರು ಬಿಡಿ ಸಾಲುಗಳನ್ನು ಮುದ್ರಿಸುವ ಮೊದಲು ಒಮ್ಮೆಯಾದರೂ ಗಾಯಕರಿಂದ ಇಡೀ ಹಾಡನ್ನು ನಿಲ್ಲದೆ ಹಾಡಿಸಲಿ. ಸಣ್ಣಪುಟ್ಟ ಕುಂದಿದ್ದರೂ ಆ ಓಟದಲ್ಲಿ ಸಿಕ್ಕ ಜೀವಂತ ಸಾಲುಗಳನ್ನು ಉಳಿಸಿಕೊಳ್ಳುವ ಧೈರ್ಯ ತೋರಲಿ. ಸುಗಮ ಸಂಗೀತದ ತರಗತಿಗಳಲ್ಲಿ ಮಕ್ಕಳು ಮೊದಲು ಮೈಕ್ ಇಲ್ಲದೆ, ಅಂಗಳದಲ್ಲಿ ನಿಂತು, ದೂರ ಕೂತವರಿಗೆ ಮಾತು ಮುಟ್ಟುವಂತೆ ಹಾಡಲು ಕಲಿಯಲಿ. ಆಮೇಲೆ ಮೈಕ್ ಕೊಟ್ಟು, ಅದೇ ಹಾಡನ್ನು ಒಬ್ಬನೇ ಒಬ್ಬ ಗೆಳೆಯನಿಗೆ ಹೇಳುವಂತೆ ಹಾಡಿಸಬೇಕು. ಎರಡೂ ತುದಿ ಕಂಡ ಕಂಠಕ್ಕೆ ನಡುವಿನ ದಾರಿ ತಾನಾಗಿ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾಲಿನ ಅರ್ಥ ಕೇಳದೆ ಸ್ವರ ಎತ್ತಬಾರದು ಎಂಬುದು ಅವರ ಮೊದಲ ಪಾಠವಾಗಬೇಕು.

ಕೇಳುಗರಾದ ನಮ್ಮ ಪಾಲೂ ಇದೆ. ನಾವು ಹಾಡನ್ನು ಬೇರೆ ಕೆಲಸದ ಹಿನ್ನೆಲೆಯಾಗಿ ಇಟ್ಟುಕೊಂಡರೆ ಹಿನ್ನೆಲೆಗೆ ತಕ್ಕ ಹಾಡುಗಳೇ ಹುಟ್ಟುತ್ತವೆ. ದಿನಕ್ಕೊಂದು ಹಾಡನ್ನಾದರೂ ಬೇರೇನೂ ಮಾಡದೆ, ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಉಸಿರು ಎಲ್ಲಿ ತೆಗೆದರು, ಎಲ್ಲಿ ತಡೆದರು, ಪಲ್ಲವಿ ಮೂರನೇ ಸಲ ಬಂದಾಗ ಏನು ಬದಲಾಯಿತು ಎಂದು ಕಿವಿಗೊಡಬೇಕು. ಹಾಗೆ ಕೇಳುವವರು ಇರುವ ತನಕ ಹಾಗೆ ಹಾಡುವವರೂ ಇರುತ್ತಾರೆ. ಒಬ್ಬ ಅಪರಿಚಿತ ತನ್ನ ಉಸಿರನ್ನು ಕೊನೆಯ ಎಳೆಯ ತನಕ ನಮಗಾಗಿ ವೆಚ್ಚ ಮಾಡುವುದು ಸಣ್ಣ ಸಂಗತಿಯಲ್ಲ. ದುಡಿಮೆಯಲ್ಲಿ ದಣಿದವನಿಗೆ, ಪ್ರೀತಿ ಕಳೆದುಕೊಂಡವಳಿಗೆ, ಊರು ಬಿಟ್ಟು ದೂರದಲ್ಲಿರುವವರಿಗೆ, ನಿನ್ನ ಪಾಡು ನನಗೂ ಗೊತ್ತು ಎಂದು ಹೇಳಲು ಮನುಷ್ಯರಿಗೆ ಸಿಕ್ಕಿರುವ ಅತ್ಯಂತ ನೇರವಾದ ದಾರಿ ಅದು. ಸಿನಿಮಾ ಹಾಡು, ಭಾವಗೀತೆ ಎಂದು ಅದನ್ನು ಹಗುರ ಮಾಡದೆ, ಶಾಸ್ತ್ರೀಯ ಸಂಗೀತಕ್ಕೆ ಕೊಡುವಷ್ಟೇ ಗಮನವನ್ನೂ ಗೌರವವನ್ನೂ ಈ ಹಾಡುಗಾರಿಕೆಗೆ ಕೊಡುವುದು ನ್ಯಾಯ.